ಬಿವಾ ದಡದಲ್ಲಿ ಹಗುರ ಗಾಳದ ಕೋಲುಗಳು

ಜಪಾನಿನ ಹಳೆಯ ರಾಜಧಾನಿ ಕ್ಯೋಟೋದಲ್ಲಿ ರೈಲು ಹತ್ತಿದವರು ಸುರಂಗ ದಾಟಿ ಹತ್ತೇ ನಿಮಿಷಗಳಲ್ಲಿ ಓತ್ಸು ಪಟ್ಟಣದಲ್ಲಿ ಇಳಿಯುತ್ತಾರೆ. ನಿಲ್ದಾಣದಿಂದ ಇಳಿಜಾರಿನ ರಸ್ತೆಯಲ್ಲಿ ಸ್ವಲ್ಪ ದೂರ ನಡೆದರೆ ಸಾಕು, ಎದುರಿಗೆ ಬಿವಾ ಸರೋವರ. ಸುಮಾರು 670 ಚದರ ಕಿಲೋಮೀಟರ್ ಹರಡಿಕೊಂಡಿರುವ ಇದು ಜಪಾನಿನ ಅತಿ ದೊಡ್ಡ ಸರೋವರ. ವಯಸ್ಸು ಸುಮಾರು 40 ಲಕ್ಷ ವರ್ಷ. ಬಿವಾ ಎಂಬುದು ಅಲ್ಲಿನ ಒಂದು ತಂತಿವಾದ್ಯದ ಹೆಸರು. ಸರೋವರದ ಆಕಾರವೂ ಹಾಗೆಯೇ ಇದೆ. ಉತ್ತರದ ಭಾಗ ಅಗಲವಾಗಿ, 100 ಮೀಟರಿಗೂ ಮಿಕ್ಕಿ ಆಳವಾಗಿದೆ. ವಾದ್ಯದ ಕತ್ತಿನಂತಿರುವ ದಕ್ಷಿಣ ಭಾಗದ ಸರಾಸರಿ ಆಳ 4 ಮೀಟರ್ ಮಾತ್ರ.

ಓತ್ಸು ಇರುವುದು ಈ ದಕ್ಷಿಣ ಭಾಗದಲ್ಲಿ. ನೀರು ಆಳವಿಲ್ಲದ್ದರಿಂದ ಇಲ್ಲಿ ಜೊಂಡು, ಪಾಚಿ, ನೀರುಗಿಡಗಳು ಹೇರಳ. ಬೆಳಗಿನ ಜಾವಕ್ಕೇ ದಡದ ಉದ್ಯಾನದಲ್ಲಿ ಶಾಲಾ ಹುಡುಗರಿಂದ ಹಿಡಿದು ನಿವೃತ್ತರವರೆಗೆ ಹಲವರು ಗಾಳದ ಕೋಲು ಹಿಡಿದು ನಿಂತಿರುತ್ತಾರೆ. ಅವರ ಗಾಳದಲ್ಲಿ ಎರೆಹುಳು ಇರುವುದಿಲ್ಲ. ಪ್ಲಾಸ್ಟಿಕ್ಕಿನ ಸಣ್ಣ ಹುಳು, ಮರಿಮೀನಿನಂತೆ ಬಣ್ಣ ಬಳಿದ ತುಂಡು ಇಂಥ ಹುಸಿ ಎರೆಗಳೇ ಎಲ್ಲ. ಮೀನುಗಳೂ ಕಲಿಯುತ್ತವೆ. ದಿನವೂ ದೊಡ್ಡ ಹುಸಿ ಎರೆ ಕಂಡು ಕಂಡು ಅವು ಹತ್ತಿರ ಸುಳಿಯುವುದನ್ನೇ ಬಿಡುತ್ತವೆ. ಹಾಗಾಗಿ ಎರೆ ಚಿಕ್ಕದಾಗುತ್ತ ಬಂತು. ಅದರೊಂದಿಗೆ ಕೋಲೂ ಹಗುರವಾಗುತ್ತ ಬಂತು.

ಮೂರು ಕೋಲು, ಮೂರು ಗುಣ

ದಡದಲ್ಲಿ ನಿಂತು ಗಮನಿಸಿದರೆ ಮೂರು ಬಗೆಯ ಕೋಲುಗಳು ಕಾಣಸಿಗುತ್ತವೆ. ಮೊದಲನೆಯದು ಮಾಮೂಲಿ ಬೈಟ್‌ಕಾಸ್ಟಿಂಗ್ ಕೋಲು. ನೂಲು ಸುತ್ತಿದ ರೀಲು ಕೋಲಿನ ಮೇಲೆ ಕುಳಿತಿರುತ್ತದೆ. ಎಸೆಯುವಾಗ ನೂಲಿನ ಉರುಳೆಯೇ ತಿರುಗುತ್ತದೆ. ಹೆಬ್ಬೆರಳು ಅದರ ಮೇಲಿದ್ದು ವೇಗವನ್ನು ಹಿಡಿತದಲ್ಲಿಡುತ್ತದೆ. ಈ ಕೋಲು ಗಟ್ಟಿ. 10ರಿಂದ 20 ಗ್ರಾಂ ತೂಕದ ಎರೆಯನ್ನು ಚೆನ್ನಾಗಿ ಎಸೆಯುತ್ತದೆ. ಆದರೆ 4 ಗ್ರಾಂ, ಅಂದರೆ ಹೆಚ್ಚು ಕಡಿಮೆ ನಮ್ಮ ಒಂದು ರೂಪಾಯಿ ನಾಣ್ಯದಷ್ಟು ತೂಕ ಕಟ್ಟಿದರೆ ಸೋಲುತ್ತದೆ. ಅಷ್ಟು ಹಗುರವಾದ ಎರೆಗೆ ಕೋಲು ಬಾಗುವುದೇ ಇಲ್ಲ. ಬಾಗದ ಕೋಲಿನಲ್ಲಿ ಬಿಲ್ಲಿನಂತೆ ಶಕ್ತಿ ಕೂಡಿಕೊಳ್ಳುವುದಿಲ್ಲ.

ಎರಡನೆಯದು ಸ್ಪಿನ್ನಿಂಗ್ ಕೋಲು. ಇದರ ರೀಲು ಕೆಳಗೆ ತೂಗುತ್ತದೆ. ಎಸೆಯುವಾಗ ಉರುಳೆ ತಿರುಗದೆ ನೂಲು ಮಾತ್ರ ಸುರುಳಿ ಸುರುಳಿಯಾಗಿ ಬಿಚ್ಚಿಕೊಳ್ಳುವುದರಿಂದ ಹಗುರ ಎರೆಯೂ ಸಲೀಸಾಗಿ ಹಾರುತ್ತದೆ. ಹೊಸಬರಿಗೆ ಇದೇ ಅನುಕೂಲ. ಆದರೆ ಇದಕ್ಕೆ ತೆಳು ನೂಲೇ ಒಗ್ಗುವುದು. ಜೊಂಡಿನೊಳಗೆ ಸಿಕ್ಕ ಮೀನನ್ನು ಎಳೆಯುವಾಗ ಅದು ಕಡಿದುಹೋಗಬಹುದು.

ಮೂರನೆಯದೇ ಹಗುರ ಬೈಟ್‌ಕಾಸ್ಟಿಂಗ್ ಕೋಲು. ಇದನ್ನು ಅಲ್ಲಿ ಬೇಟ್ ಫಿನೆಸ್ ಎನ್ನುತ್ತಾರೆ. ಉದ್ದ ಸುಮಾರು 2 ಮೀಟರ್, ತೂಕ 100 ಗ್ರಾಂ ಆಸುಪಾಸು. ತುದಿ ಮೆತ್ತಗೆ, ಬುಡ ಗಟ್ಟಿ. ಮೆತ್ತನೆಯ ತುದಿ ಚಿಕ್ಕ ಎರೆಗೂ ಬಾಗುತ್ತದೆ, ಗಟ್ಟಿ ಬುಡ ಮೀನನ್ನು ಜೊಂಡಿನಿಂದ ಹೊರಗೆಳೆಯುತ್ತದೆ. ನೂಲು ಸ್ವಲ್ಪ ದಪ್ಪವಿದ್ದರೂ ನಡೆಯುತ್ತದೆ. ಹೆಬ್ಬೆರಳಿನ ಹಿಡಿತ ಇರುವುದರಿಂದ ಗಿಡಗಳ ನಡುವಿನ ತಟ್ಟೆಯಷ್ಟಗಲದ ಜಾಗಕ್ಕೂ ಗುರಿ ಇಡಬಹುದು.

ಆದರೆ ಕೋಲೊಂದೇ ಹಗುರವಾದರೆ ಸಾಲದು. ನಿಂತ ಎತ್ತಿನ ಗಾಡಿಯ ಚಕ್ರವನ್ನು ತಿರುಗಿಸುವುದು ಕಷ್ಟ, ಸೈಕಲ್ಲಿನ ಚಕ್ರವನ್ನು ತಿರುಗಿಸುವುದು ಸುಲಭ. ರೀಲಿನ ಉರುಳೆಯ ಮಾತೂ ಅಷ್ಟೇ. ಹಾರುವ ಎರೆಯೇ ಅದನ್ನು ಎಳೆದು ತಿರುಗಿಸಬೇಕು. ಅದಕ್ಕೆಂದೇ 10 ಗ್ರಾಂಗಿಂತಲೂ ಹಗುರವಾದ ಉರುಳೆಗಳನ್ನು ತಯಾರಿಸುತ್ತಾರೆ. ನೂಲನ್ನೂ ಕಡಿಮೆ ಸುತ್ತುತ್ತಾರೆ. ಗಾಳಿಯ ತಡೆಗೆ ಎರೆಯ ವೇಗ ತಗ್ಗಿ, ಉರುಳೆ ಮಾತ್ರ ಮೊದಲಿನ ವೇಗದಲ್ಲೇ ತಿರುಗುತ್ತಿದ್ದರೆ ನೂಲು ಹಕ್ಕಿಗೂಡಿನಂತೆ ಗೋಜಲಾಗುತ್ತದೆ. ಇದನ್ನು ತಡೆಯಲು ಪಕ್ಕದಲ್ಲಿ ಪುಟ್ಟ ಅಯಸ್ಕಾಂತಗಳಿವೆ. ಅಲ್ಯೂಮಿನಿಯಂ ಉರುಳೆ ಅವುಗಳ ಬಳಿ ತಿರುಗುವಾಗ ಅದರಲ್ಲಿ ಸುಳಿ ವಿದ್ಯುತ್ ಹುಟ್ಟಿ, ಹುಟ್ಟಿಗೆ ಕಾರಣವಾದ ಚಲನೆಯನ್ನೇ ವಿರೋಧಿಸುತ್ತದೆ. ಪಠ್ಯಪುಸ್ತಕದ ಲೆಂಜ್ ನಿಯಮ ಇಲ್ಲಿ ಗಾಳಗಾರನ ಅಂಗೈಯಲ್ಲಿದೆ.

ಆಯು ಮೀನು ಬೆಳೆಸಿದ ಕಾರ್ಬನ್

ಇಷ್ಟು ತೆಳು ಕೋಲು ಮುರಿಯದೆ ನಿಲ್ಲುವುದು ಕಾರ್ಬನ್ ಎಳೆಯಿಂದ. ಅದರ ಕಥೆಗೂ ಈ ಊರಿಗೂ ನಂಟಿದೆ. ಓತ್ಸುವಿನಲ್ಲಿ 1927ರಲ್ಲಿ ರೇಯಾನ್ ತಯಾರಿಕೆ ಆರಂಭಿಸಿದ ತೋರೇ ಕಂಪೆನಿಯೇ 1971ರಲ್ಲಿ ಕಾರ್ಬನ್ ಎಳೆಯನ್ನು ಮಾರುಕಟ್ಟೆಗೆ ತಂದಿತು. ವಿಮಾನಗಳಿಗೆ ಅದು ವ್ಯಾಪಕವಾಗಿ ಬಳಕೆಯಾಗುವ ಮೊದಲೇ ಗಾಲ್ಫ್ ದಾಂಡಿಗೂ ಗಾಳದ ಕೋಲಿಗೂ ಬಂತು. ಬಿವಾದಲ್ಲೂ ಜಪಾನಿನ ಹೊಳೆಗಳಲ್ಲೂ ಸಿಗುವ ಆಯು ಎಂಬ ಮೀನನ್ನು ಹಿಡಿಯಲು 9 ಮೀಟರ್ ಉದ್ದದ ಕೋಲು ಬೇಕು. ಬಿದಿರಿನ ಅಷ್ಟುದ್ದದ ಕೋಲನ್ನು ದಿನವಿಡೀ ಹಿಡಿಯುವುದು ತೋಳಿಗೆ ಶಿಕ್ಷೆಯೇ ಆಗಿತ್ತು. ಗಾಜಿನ ಎಳೆಗಿಂತ ಕಾರ್ಬನ್ ಎಳೆ ಮೂರು ಪಟ್ಟು ಬಿಗಿ, ತೂಕದಲ್ಲಿ ಹಗುರ. ಒಂದೆರಡು ಎಚ್ಚರಿಕೆಗಳೂ ಇವೆ. ಬಿಗಿ ಹೆಚ್ಚಾದಷ್ಟೂ ಎಳೆ ಪೆಡಸು. ಕಲ್ಲಿಗೆ ತಗುಲಿದರೆ ಬಿರುಕು ಬಿಡುತ್ತದೆ. ಕಾರ್ಬನ್ ವಿದ್ಯುತ್ತನ್ನೂ ಹರಿಯಬಿಡುತ್ತದೆ. ಆದ್ದರಿಂದ ವಿದ್ಯುತ್ ತಂತಿಯ ಕೆಳಗೆ, ಗುಡುಗು ಮಿಂಚಿನಲ್ಲಿ ಈ ಕೋಲನ್ನು ಎತ್ತುವುದು ಪ್ರಾಣಕ್ಕೇ ಅಪಾಯ.

ಅತಿಥಿಯ ಹಾವಳಿ

ಇಷ್ಟೆಲ್ಲ ಜಾಣ್ಮೆ ಯಾವ ಮೀನಿಗಾಗಿ? ಬ್ಲ್ಯಾಕ್ ಬಾಸ್ ಎಂಬ ಅಮೆರಿಕದ ಮೀನಿಗಾಗಿ. 1925ರಲ್ಲಿ ತೆತ್ಸುಮಾ ಅಕಾಬೊಶಿ ಎಂಬ ಉದ್ಯಮಿ ಇದನ್ನು ತಂದು ಹಕೋನೆಯ ಅಶಿ ಸರೋವರಕ್ಕೆ ಬಿಟ್ಟರು. 1974ರಲ್ಲಿ ಅದು ಬಿವಾದಲ್ಲೂ ಕಾಣಿಸಿತು. 2009ರಲ್ಲಿ ಇಲ್ಲಿ ಸಿಕ್ಕ 10 ಕಿಲೋಗೂ ಮಿಕ್ಕಿದ ಬಾಸ್, 1932ರಿಂದ ಅಮೆರಿಕದಲ್ಲಿದ್ದ ವಿಶ್ವದಾಖಲೆಯನ್ನು ಸರಿಗಟ್ಟಿತು.

ಗಾಳಗಾರರಿಗೆ ಅದು ಹಬ್ಬ, ಸರೋವರಕ್ಕೆ ಸಂಕಟ. ಬಾಸ್ ಬೇಟೆಗಾರ ಮೀನು, ನಾಡ ಮೀನುಗಳ ಮರಿಗಳನ್ನು ನುಂಗುತ್ತದೆ. ಬಿವಾದಲ್ಲಿ ಮಾತ್ರವೇ ವಿಕಾಸಗೊಂಡ ನಿಗೊರೊಬುನ ಎಂಬ ಮೀನು ಜೊಂಡಿನಲ್ಲಿ ಮೊಟ್ಟೆ ಇಡುತ್ತದೆ. ಅದನ್ನು ಉಪ್ಪು ಹಾಕಿ, ಅನ್ನದೊಳಗೆ ತಿಂಗಳುಗಟ್ಟಲೆ ಹುಳಿಯಿಟ್ಟು ಮಾಡುವ ಫುನಾಜುಶಿ ಈ ಸೀಮೆಯ ಪ್ರಾಚೀನ ತಿನಿಸು. ಆ ಮೀನು ಕಡಿಮೆಯಾದಂತೆ ತಿನಿಸೂ ದುಬಾರಿಯಾಯಿತು.

ಬ್ಲೂಗಿಲ್ ಎಂಬ ಇನ್ನೊಂದು ಮೀನಿನ ಕಥೆಯೂ ಹೀಗೆಯೇ. 1960ರಲ್ಲಿ ಅಮೆರಿಕಕ್ಕೆ ಹೋಗಿದ್ದ ಯುವರಾಜ ಅಕಿಹಿತೊ ಅವರಿಗೆ ಚಿಕಾಗೋದಲ್ಲಿ ಅದು ಕಾಣಿಕೆಯಾಗಿ ದೊರೆಯಿತು. ಜನರಿಗೆ ಆಹಾರವಾದೀತೆಂಬ ಆಸೆಯಿಂದ ಅವರು ಅದನ್ನು ಮೀನುಗಾರಿಕೆ ಇಲಾಖೆಯ ಸಂಶೋಧನಾಲಯಕ್ಕೆ ಕೊಟ್ಟರು. ಸ್ವತಃ ಮೀನುಗಳ ವಿಜ್ಞಾನಿಯಾದ ಅವರು, ಚಕ್ರವರ್ತಿಯಾಗಿದ್ದಾಗ 2007ರಲ್ಲಿ ಓತ್ಸುವಿಗೆ ಬಂದು, ಅದರಿಂದಾದ ಪರಿಣಾಮ ತಮಗೆ ನೋವು ತಂದಿದೆ ಎಂದು ಬಹಿರಂಗವಾಗಿಯೇ ಹೇಳಿದರು. ದೊಡ್ಡವರು ತಪ್ಪನ್ನು ಒಪ್ಪಿಕೊಂಡ ಇಂಥ ಪ್ರಸಂಗಗಳು ವಿರಳ.

ಬಿವಾ ಇರುವ ಶಿಗಾ ಪ್ರಾಂತ 2003ರಿಂದ ಒಂದು ನಿಯಮ ಜಾರಿಗೆ ತಂದಿದೆ. ಹಿಡಿದ ಬಾಸ್ ಮತ್ತು ಬ್ಲೂಗಿಲ್ ಮೀನುಗಳನ್ನು ಮತ್ತೆ ಸರೋವರಕ್ಕೆ ಬಿಡುವಂತಿಲ್ಲ. 2005ರಿಂದ ಅವನ್ನು ಜೀವಂತವಾಗಿ ಸಾಗಿಸುವುದನ್ನೂ ದೇಶದ ಕಾನೂನು ನಿಷೇಧಿಸಿದೆ. ಅದಕ್ಕೆಂದೇ ದಡದಲ್ಲಿ ಅಲ್ಲಲ್ಲಿ ಮೀನು ಹಾಕುವ ಪೆಟ್ಟಿಗೆಗಳನ್ನು ಇಟ್ಟಿದ್ದಾರೆ. ಹಿಡಿದ ಮೀನನ್ನು ಜೋಪಾನವಾಗಿ ನೀರಿಗೆ ಬಿಡುವುದೇ ಸಭ್ಯತೆ ಎಂದು ಕಲಿತ ಗಾಳಗಾರರಲ್ಲಿ ಅನೇಕರಿಗೆ ಈ ನಿಯಮ ಇಷ್ಟವಾಗಲಿಲ್ಲ. ಮೀನಿನ ಮೇಲಿನ ದಯೆಗೂ ಸರೋವರದ ಮೇಲಿನ ದಯೆಗೂ ಇಲ್ಲಿ ಜಗಳ ಬಿದ್ದಿದೆ.

ಓತ್ಸುವಿನ ದಡದಲ್ಲಿ ಕೋಲುಗಳನ್ನು ಹೋಲಿಸಿ ನೋಡುವ ವಿದ್ಯಾರ್ಥಿಗೆ ಹಗುರ ಕೋಲೇ ಮೇಲೆಂದು ತೋರಿದರೆ ಆಶ್ಚರ್ಯವಿಲ್ಲ. ಆದರೆ ಅದರ ಪಕ್ಕದಲ್ಲೇ ಇರುವ ಆ ಪೆಟ್ಟಿಗೆಯನ್ನೂ ನೋಡದೆ ಬಂದರೆ ಅವನ ಪಾಠ ಅರ್ಧವೇ ಆದಂತೆ.