ಮೊರೇರ ಗುಡ್ಡದಲ್ಲಿ ಒಂದು ದಿನ

ನಮ್ಮ ಆದವಾನಿಯ ಕಡೆಯವರು ತುಂಗಭದ್ರೆಯ ದಂಡೆಗೆ ಹೋದರೆಂದರೆ ಹಂಪೆಯ ವಿರೂಪಾಕ್ಷನ ದರ್ಶನ, ಹುಲಿಗೆಮ್ಮನಿಗೆ ಹಣ್ಣುಕಾಯಿ, ಅಣೆಕಟ್ಟಿನ ವೀಕ್ಷಣೆ, ಇಷ್ಟರಲ್ಲಿ ಪ್ರವಾಸ ಮುಗಿಯುತ್ತದೆ. ಹೊಸಪೇಟೆಯಿಂದ ಸುಮಾರು 35 ಕಿಲೋಮೀಟರು ದೂರದಲ್ಲಿ, ಎರಡು ಸಾವಿರ ವರ್ಷಗಳಿಗೂ ಹಿಂದೆ ತೀರಿಕೊಂಡವರ ಊರೊಂದು ಗುಡ್ಡದ ನೆತ್ತಿಯ ಮೇಲೆ ಇಂದಿಗೂ ನಿಂತಿರುವುದು ಅನೇಕರಿಗೆ ತಿಳಿಯದು. ಅರವತ್ತು ದಾಟುವವರೆಗೆ ನನಗೂ ತಿಳಿದಿರಲಿಲ್ಲ.

ಕಳೆದ ಮಾರ್ಗಶಿರದಲ್ಲಿ ಗಂಗಾವತಿಯಲ್ಲಿ ನೆಂಟರ ಮನೆಯ ಮದುವೆ. ಬಳ್ಳಾರಿಯಲ್ಲಿ ನೆಲೆಸಿರುವ ಅಣ್ಣನೂ ಬಂದಿದ್ದನು. ಮದುವೆಯ ಮರುದಿನ ನಾವಿಬ್ಬರೂ ಕುಳಿತು ಒಂದು ವಿಷಯ ತೀರ್ಮಾನಿಸಬೇಕಾಗಿತ್ತು. ಆಲೂರು ಸೀಮೆಯಲ್ಲಿರುವ ನಮ್ಮ ಮೂರೆಕರೆ ಎರೆಯ ಹೊಲವನ್ನು ಮಾರುವ ಮಾತು ನಡೆದಿತ್ತು. ಅದರ ಈಶಾನ್ಯ ಮೂಲೆಯಲ್ಲಿ, ಬೇವಿನ ಮರದ ಕೆಳಗೆ, ಅಜ್ಜ ಅಜ್ಜಿಯರ ಗದ್ದುಗೆಗಳಿವೆ. ಕೊಳ್ಳುವವರು ಹೊಲವೆಲ್ಲ ಒಂದೇ ಸಮನಾಗಿರಬೇಕು, ಆ ಕಲ್ಲುಗಳನ್ನು ತೆಗೆಸಿಕೊಡಬೇಕು ಎಂದಿದ್ದರು. ಅಣ್ಣನಿಗೆ ಮಗನ ಮನೆಯ ಸಾಲ ತೀರಿಸುವ ಅವಸರ. ನನಗೂ ಹಣ ಬೇಡವೆನ್ನುವ ಸ್ಥಿತಿ ಇರಲಿಲ್ಲ. ಆದರೆ ಆ ಮಾತನ್ನೆತ್ತಲು ಇಬ್ಬರಿಗೂ ಬಾಯಿ ಬಾರದು. ಮದುವೆಮನೆಯ ಹಿರಿಯರೊಬ್ಬರು, “ಸುಮ್ಮನೆ ಕೂಡುವುದಕ್ಕಿಂತ ಹಿರೇಬೆಣಕಲ್ಲಿಗಾದರೂ ಹೋಗಿಬನ್ನಿ” ಎಂದರು. ಹೊರಡಲು ಅಷ್ಟೇ ಸಾಕಾಯಿತು.

ಗಂಗಾವತಿಯಿಂದ ಕೊಪ್ಪಳದ ರಸ್ತೆಯಲ್ಲಿ ಹತ್ತು ಕಿಲೋಮೀಟರು ಹೋದರೆ ಹಿರೇಬೆಣಕಲ್ಲು ಗ್ರಾಮ. ಕಾಲುವೆಯ ನೀರುಂಡ ಭತ್ತದ ಗದ್ದೆಗಳ ಹಸಿರು ಒಂದು ಕಡೆಗೆ. ಇನ್ನೊಂದು ಕಡೆಗೆ ಯಾರೋ ಆಡಿ ಬಿಟ್ಟುಹೋದಂತೆ ಒಂದರ ಮೇಲೊಂದು ಕುಳಿತ ಹೆಬ್ಬಂಡೆಗಳ ಗುಡ್ಡಸಾಲು. ಊರಿನಲ್ಲಿ ದನ ಮೇಯಿಸುವ ವೃದ್ಧರೊಬ್ಬರು ದಾರಿ ತೋರಲು ಒಪ್ಪಿದರು. “ಕರಡಿ ಅದಾವ್ರೀ, ಹೊತ್ತು ಮುಳುಗೂದ್ರಾಗ ಇಳದು ಬರಬೇಕು” ಎಂದು ಮೊದಲೇ ಎಚ್ಚರಿಸಿದರು.

ಮೆಟ್ಟಿಲುಗಳಿಲ್ಲದ ಏರು. ಬಂದರಿಕೆ, ಕಾರೆ, ಸೀತಾಫಲದ ಪೊದೆಗಳ ನಡುವೆ ಕಾಲುದಾರಿ ಒಮ್ಮೆ ಕಾಣಿಸಿಕೊಂಡು, ಒಮ್ಮೆ ಬಂಡೆಯ ಮೇಲೆ ಅಳಿಸಿಹೋಗುತ್ತದೆ. ಅಣ್ಣನ ಮೊಣಕಾಲು ನೋವಿನಿಂದಾಗಿ ನಾವು ಅಲ್ಲಲ್ಲಿ ಕುಳಿತು ನಡೆದೆವು. ನಡುದಾರಿಯಲ್ಲಿ ಚಾಚಿಕೊಂಡ ಬಂಡೆಯೊಂದರ ಅಡಿಯಲ್ಲಿ ವೃದ್ಧರು ಕೈಮಾಡಿ ತೋರಿಸಿದರು. ಕೆಮ್ಮಣ್ಣಿನ ಬಣ್ಣದಲ್ಲಿ ಜಿಂಕೆಗಳು, ದನಗಳು, ಕೈಕೈ ಹಿಡಿದು ಕುಣಿಯುವ ಜನರು! ಮಳೆ ತಾಗದ ಮರೆಯಲ್ಲಿ ಬರೆದುದರಿಂದ ಆ ಬಣ್ಣ ಇಂದಿಗೂ ಕಣ್ಣಿಗೆ ಕಾಣುವಷ್ಟು ಉಳಿದಿದೆ.

ಏರು ಮುಗಿದು ನೆತ್ತಿ ಸಮತಟ್ಟಾದಾಗ ಮುಂದೆ ಕಂಡ ನೋಟಕ್ಕೆ ಇಬ್ಬರೂ ನಿಂತುಬಿಟ್ಟೆವು. ಬಯಲಿನ ತುಂಬ ಕಲ್ಲಿನ ಮನೆಗಳು! ನಾಲ್ಕು ಕಡೆಗೆ ನಿಲ್ಲಿಸಿದ ಚಪ್ಪಡಿಗಳು, ಮೇಲೊಂದು ಹೊದಿಕೆಯ ಚಪ್ಪಡಿ. ಕೆಲವು ಮೊಣಕಾಲೆತ್ತರದವು, ಕೆಲವು ಆಳೆತ್ತರವನ್ನೂ ಮೀರಿದವು. ಅನೇಕ ಮನೆಗಳ ಒಂದು ಗೋಡೆಯಲ್ಲಿ ಬಳೆಯಂತೆ ದುಂಡಗೆ ಕೊರೆದ ಕಿಂಡಿ. ಈ ಗುಡ್ಡದ ಮೇಲೆ ಇಂಥ ಶಿಲಾಸಮಾಧಿಗಳು ಸುಮಾರು ನಾನೂರು ಇವೆ. ವಿದ್ವಾಂಸರು ಇವುಗಳ ಕಾಲವನ್ನು ಕ್ರಿಸ್ತಪೂರ್ವ 800ರಿಂದ 200ರವರೆಗೆ ಎಂದು ಎಣಿಸುತ್ತಾರೆ. ದಕ್ಷಿಣದಲ್ಲಿ ಜನರು ಕಬ್ಬಿಣವನ್ನು ಕಾಸಿ ಬಡಿಯಲು ಕಲಿತಿದ್ದ ಕಾಲವದು. ಅಕ್ಷರ ಇನ್ನೂ ಬಂದಿರಲಿಲ್ಲ, ಅಥವಾ ಆಗತಾನೆ ಅಶೋಕನ ಶಾಸನಗಳೊಡನೆ ಬರುತ್ತಿತ್ತು. ಆದ್ದರಿಂದಲೇ ಇಲ್ಲಿ ಒಂದು ಹೆಸರೂ ಇಲ್ಲ.

ನಿಜಾಮನ ಸೇವೆಯಲ್ಲಿದ್ದ ಮೆಡೋಸ್ ಟೇಲರ್ ಎಂಬ ಆಂಗ್ಲ ಅಧಿಕಾರಿ 1835ರಲ್ಲಿ ಈ ಸ್ಥಳವನ್ನು ಗುರುತಿಸಿ ಹೊರಜಗತ್ತಿಗೆ ತಿಳಿಸಿದನು. 2021ರಲ್ಲಿ ಇದು ಯುನೆಸ್ಕೋ ವಿಶ್ವಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿತು. ಊರವರಿಗಾದರೋ ಇದು ಎಂದಿನಿಂದಲೂ ಮೊರೇರ ಗುಡ್ಡ. “ಮೊರೇರು ಗಿಡ್ಡ ಮಂದಿರೀ. ಬೆಂಕಿ ಮಳಿ ಬೀಳತೈತಿ ಅಂತ ಹೆದರಿ ಈ ಮನಿ ಕಟಗೊಂಡ್ರು. ಮಳಿ ಬಿತ್ತು, ಒಳಗ ಸತ್ತ್ರು” ಎಂದು ವೃದ್ಧರು ಎರಡೇ ಮಾತಿನಲ್ಲಿ ಕಥೆ ಮುಗಿಸಿದರು. ಸತ್ತವರ ಮನೆಗಳೆಂಬುದನ್ನು ಮಾತ್ರ ಆ ಕಥೆ ಮರೆತಿಲ್ಲ.

ಇಷ್ಟು ದೊಡ್ಡ ಚಪ್ಪಡಿಗಳನ್ನು ಅವರು ಎಲ್ಲಿಂದ ತಂದರು? ಉತ್ತರ ಅಲ್ಲಿಯೇ ಇದೆ. ಇಲ್ಲಿನ ಕಣಶಿಲೆ ಬಿಸಿಲು ಮಳೆಗೆ ಈರುಳ್ಳಿಯ ಸಿಪ್ಪೆಯಂತೆ ಪದರು ಪದರಾಗಿ ಬಿಡುತ್ತದೆ. ಆ ಪದರುಗಳನ್ನು ಎಬ್ಬಿಸಿ ಮನೆ ಕಟ್ಟಿದರು. ಕಲ್ಲು ತೆಗೆದ ತಗ್ಗಿನಲ್ಲಿ ಮಳೆನೀರು ನಿಂತು ಕೆರೆಯಾಯಿತು. ಆ ಕೆರೆಯ ಸುತ್ತಲೇ ಸಮಾಧಿಗಳು ಹಬ್ಬಿಕೊಂಡಿವೆ. ನಾವು ಹೋದಾಗಲೂ ಅದರಲ್ಲಿ ನೀರಿತ್ತು. ಸನಿಹದಲ್ಲಿ ಹತ್ತು ಮೀಟರು ಎತ್ತರದ ಬಂಡೆಯೊಂದರ ಮೇಲೆ ಬೋರಲು ಹಾಕಿದ ಬೋಗುಣಿಯಂಥ ಭಾರಿ ಕಲ್ಲು. ಅದೇ ನಗಾರಿ ಕಲ್ಲು. ಬಡಿದರೆ ಅದರ ದನಿ ಒಂದು ಕಿಲೋಮೀಟರು ದೂರಕ್ಕೆ ಕೇಳಿಸುತ್ತದೆಯಂತೆ. ಊರಿನಲ್ಲಿ ಸಾವಾದಾಗ ಅದನ್ನು ಬಾರಿಸಿ ಸುತ್ತಲಿನವರನ್ನು ಕರೆಯುತ್ತಿದ್ದಿರಬಹುದೇ ಎಂದು ನಾನು ಊಹಿಸುತ್ತ ಕುಳಿತೆ.

ನಮ್ಮ ರಾಯದುರ್ಗಕ್ಕೆ ನೆರೆಯಾದ ಬ್ರಹ್ಮಗಿರಿಯಲ್ಲಿಯೂ ಇಂಥ ಸಮಾಧಿಗಳಿವೆ. 1947ರಲ್ಲಿ ಮಾರ್ಟಿಮರ್ ವೀಲರ್ ಅಲ್ಲಿ ಅಗೆಸಿದಾಗ ಒಳಗೆ ಕಪ್ಪು-ಕೆಂಪು ಮಡಕೆಗಳು, ಕಬ್ಬಿಣದ ಉಪಕರಣಗಳು, ಆಯ್ದು ತಂದಿರಿಸಿದ ಎಲುಬುಗಳು ದೊರೆತವು. ಸತ್ತವನನ್ನು ಒಮ್ಮೆಗೇ ಮುಚ್ಚಿ ಮರೆಯುತ್ತಿರಲಿಲ್ಲ. ಉಳಿದ ಎಲುಬನ್ನು ಮತ್ತೆ ಹೋಗಿ ಆಯ್ದು ತಂದು, ಅನ್ನದ ಮಡಕೆಯೊಡನೆ ಮನೆಯೊಳಗೆ ಇಡುತ್ತಿದ್ದರು. ಉಣ್ಣುವವನಿಗೆ ಮನೆ ಬೇಡವೇ?

ಆದರೆ ಹಿರೇಬೆಣಕಲ್ಲಿನಲ್ಲಿ ಮುರಿದುಬಿದ್ದ ಮನೆಗಳೂ ಕಡಿಮೆಯಲ್ಲ. ಒಂದೆಡೆ ಹೊದಿಕೆಯ ಚಪ್ಪಡಿ ಎರಡಾಗಿ ಸೀಳಿತ್ತು. ಒಳಗಿನ ನೆಲವನ್ನು ಯಾರೋ ಅಗೆದಿದ್ದರು. “ಬಂಗಾರ ಐತಿ ಅಂತ ಅಗೀತಾರ್ರೀ. ಏನೂ ಸಿಗೂದಿಲ್ಲ” ಎಂದರು ವೃದ್ಧರು. ಅಣ್ಣನು ಆ ತಗ್ಗನ್ನು ಬಹಳ ಹೊತ್ತು ನೋಡುತ್ತ ನಿಂತನು. ಆಮೇಲೆ ಕೆರೆಯ ದಡದಲ್ಲಿ ಬುತ್ತಿ ಬಿಚ್ಚಿದೆವು. ಮದುವೆಮನೆಯ ಹೋಳಿಗೆ, ಖಡಕ್ ರೊಟ್ಟಿ, ಶೇಂಗಾ ಚಟ್ನಿ.

ಅಲ್ಲಿ ಕುಳಿತು ನಾನು ಲೆಕ್ಕ ಹಾಕಿದೆ. ಈ ಗುಡ್ಡ 1956ರವರೆಗೆ ಹೈದರಾಬಾದಿನದು, ಬಳಿಕ ಕನ್ನಡನಾಡಿನ ರಾಯಚೂರು ಜಿಲ್ಲೆಯದು, 1997ರಿಂದ ಕೊಪ್ಪಳದ್ದು. 1953ರ ಅಕ್ಟೋಬರ್ 1ರಂದು ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಬಳ್ಳಾರಿ ಜಿಲ್ಲೆಯನ್ನು ಬಿಟ್ಟು ಆಂಧ್ರಕ್ಕೆ ಸೇರಿದವು. ಅಜ್ಜ ಮಣ್ಣಾದಾಗ ನಮ್ಮ ಹೊಲ ಬಳ್ಳಾರಿ ಜಿಲ್ಲೆಯಲ್ಲಿತ್ತು. ಅಜ್ಜಿ ಮಣ್ಣಾದಾಗ ಕರ್ನೂಲು ಜಿಲ್ಲೆಯಲ್ಲಿತ್ತು. ಇಬ್ಬರ ಗದ್ದುಗೆಗಳ ನಡುವೆ ಇರುವುದು ಒಂದು ಮಾರು ನೆಲ. ಅಣ್ಣನು ಒಂದು ರಾಜ್ಯದಲ್ಲಿ, ನಾನು ಇನ್ನೊಂದರಲ್ಲಿ ಬಾಳುತ್ತಿರುವಾಗ ನಮ್ಮಿಬ್ಬರನ್ನೂ ವರ್ಷಕ್ಕೊಮ್ಮೆ, ಮಹಾನವಮಿಯ ಎಡೆಯ ದಿನ, ಒಂದೆಡೆಗೆ ಕರೆಯುವುದು ಆ ಮೂಲೆ ಮಾತ್ರ. ಇದನ್ನು ನಾನು ಬಾಯಿಬಿಟ್ಟು ಹೇಳಲಿಲ್ಲ.

ಬುತ್ತಿಯ ಬಟ್ಟೆಯನ್ನು ಕೊಡವಿ ಮಡಿಸುತ್ತ ಅಣ್ಣನೇ ಅಂದನು: “ತಮ್ಮಾ, ಆ ಮೂಲೆ ಬಿಟ್ಟು ಬರೆಸಿದರೆ ಎಷ್ಟು ಕಡಿಮೆಯಾದೀತು?”

“ಐದು ಸೆಂಟು ಜಾಗ, ಹೋಗಿಬರಲು ಕಾಲುದಾರಿ. ಅವರು ಬೆಲೆ ಇಳಿಸುತ್ತಾರಣ್ಣ.”

“ಇಳಿಸಲಿ.”

ಮುಂದೆ ಅವರು ಇಳಿಸಿಯೇ ಇಳಿಸಿದರು, ನಾವೆಣಿಸಿದ್ದಕ್ಕಿಂತ ಹೆಚ್ಚು. ಅಣ್ಣನ ಮಗನ ಸಾಲ ಪೂರ್ತಿ ತೀರಲಿಲ್ಲ. ಆದರೂ ಮಾತು ಬದಲಿಸಲಿಲ್ಲ. ಪತ್ರದಲ್ಲಿ ಆ ಮೂಲೆಯನ್ನೂ ದಾರಿಯನ್ನೂ ಬಿಟ್ಟು ಬರೆಸಿದ್ದೇವೆ.

ಅಂದು ಹೊತ್ತು ಇಳಿಮುಖವಾದಾಗ ಗುಡ್ಡ ಇಳಿದೆವು. ತಿರುಗಿ ನೋಡಿದರೆ ಬಂಡೆಗಳಲ್ಲದೆ ಬೇರೇನೂ ಕಾಣುತ್ತಿರಲಿಲ್ಲ.

ಹೋಗಲಿಚ್ಛಿಸುವ ವಾಚಕರಿಗೆ ಒಂದೆರಡು ಮಾತು. ಆದವಾನಿಯವರು ಗುಂತಕಲ್ಲಿನ ಮೇಲೆ ಹೊಸಪೇಟೆಗೆ ರೈಲಿನಲ್ಲಿ ಬಂದು, ಅಲ್ಲಿಂದ ಗಂಗಾವತಿಯ ಬಸ್ಸು ಹಿಡಿಯಬಹುದು. ಚಳಿಗಾಲವೇ ಲೇಸು, ಬೇಸಗೆಯಲ್ಲಿ ಬಂಡೆ ಕಾದ ಹಂಚಾಗುತ್ತದೆ. ಕುಡಿಯುವ ನೀರು, ಬುತ್ತಿ ಕೆಳಗಿನಿಂದಲೇ ಒಯ್ಯಬೇಕು. ಊರವರನ್ನು ಜೊತೆಗೆ ಕರೆದೊಯ್ಯದೆ ಏರಬಾರದು. ದಾರಿ ತಪ್ಪುವುದು ಸುಲಭ. ಮಕ್ಕಳನ್ನು ಖಂಡಿತ ಕರೆದೊಯ್ಯಿರಿ. ಆದರೆ ಚಪ್ಪಡಿಗಳ ಮೇಲೆ ಹತ್ತದಂತೆ, ಹೆಸರು ಗೀಚದಂತೆ ನೋಡಿಕೊಳ್ಳಿರಿ. ಅವು ಯಾರದೋ ಅಜ್ಜ ಅಜ್ಜಿಯರ ಮನೆಗಳು.