ಕೊಲೋಸಿಯಂನ ಮೆಟ್ಟಿಲುಗಳ ಮೇಲೆ

ರೋಮ್ ನಗರದ ಕೊಲೋಸಿಯಂ ಅನ್ನು ಚಿತ್ರದಲ್ಲಿಯಾದರೂ ನೋಡದವರು ವಿರಳ. ಇತಿಹಾಸದ ಪಾಠ ಹೇಳುವಾಗ ಅದರ ಅಂಡಾಕಾರವನ್ನು ನಾನು ಕಪ್ಪುಹಲಗೆಯ ಮೇಲೆ ಬರೆಯುತ್ತಿದ್ದುದು ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರಿಗೆ ನೆನಪಿರಬಹುದು. ನಿವೃತ್ತಿಯ ನಂತರ ಅದನ್ನು ಕಣ್ಣಾರೆ ಕಾಣುವ ಯೋಗ ಒದಗಿ ಬಂದಿತು.

ವೆಸ್ಪಾಸಿಯನ್ ಚಕ್ರವರ್ತಿ ಆರಂಭಿಸಿದ ಈ ಕಟ್ಟಡವನ್ನು ಕ್ರಿ.ಶ. 80ರಲ್ಲಿ ಉದ್ಘಾಟಿಸಿದವನು ಅವನ ಮಗ ಟೈಟಸ್. ಆ ಉತ್ಸವ ನೂರು ದಿನ ನಡೆಯಿತಂತೆ. ಹೊರಗೋಡೆಯ ಕೆಲವು ಕಮಾನುಗಳ ಮೇಲೆ ಇಂದಿಗೂ ರೋಮನ್ ಅಂಕಿಗಳು ಕಾಣುತ್ತವೆ. ಎಂಬತ್ತು ದ್ವಾರಗಳಲ್ಲಿ ಎಪ್ಪತ್ತಾರಕ್ಕೆ ಹೀಗೆ ಸಂಖ್ಯೆಯಿತ್ತು. ಸೆನೆಟ್ ಸದಸ್ಯರಿಗೆ ಕಣದ ಅಂಚಿನಲ್ಲಿಯೇ ಆಸನ. ಬಡವರಿಗೂ ಸಾಮಾನ್ಯ ಸ್ತ್ರೀಯರಿಗೂ ತುತ್ತತುದಿಯ ಸಾಲುಗಳು. ಸುಮಾರು ಐವತ್ತು ಸಾವಿರ ಜನ ನೂಕುನುಗ್ಗಲಿಲ್ಲದೆ ಬಂದು ಕುಳಿತುಕೊಳ್ಳಲು ಬೇಕಾದ ಏರ್ಪಾಡು ಅಲ್ಲಿತ್ತು.

ಕಣದ ಮರದ ನೆಲ ಈಗಿಲ್ಲ. ಮೃಗಗಳನ್ನೂ ಮನುಷ್ಯರನ್ನೂ ಇರಿಸುತ್ತಿದ್ದ ನೆಲಮಾಳಿಗೆಯ ಗೋಡೆಗಳು ಬಯಲಾಗಿವೆ. ಪಂಜರಗಳನ್ನು ಮೇಲೆತ್ತಲು ಅಲ್ಲಿ ಹಗ್ಗ, ರಾಟೆಗಳ ಯಂತ್ರಗಳಿದ್ದವು. 'ಅರೀನಾ' ಎಂಬ ಪದದ ಮೂಲಾರ್ಥವೇ ಮರಳು. ಚೆಲ್ಲಿದ ರಕ್ತ ಇಂಗಲೆಂದು ಹಲಗೆಗಳ ಮೇಲೆ ಮರಳು ಹರಡುತ್ತಿದ್ದರು. ಬೆಳಿಗ್ಗೆ ಮೃಗಬೇಟೆ, ನಡುಹಗಲಿನಲ್ಲಿ ಅಪರಾಧಿಗಳ ವಧೆ, ಆಮೇಲೆ ಗ್ಲಾಡಿಯೇಟರುಗಳ ಕಾಳಗ.

ಮೆಟ್ಟಿಲುಗಳ ಮೇಲೆ ನಿಂತಾಗ ನನಗೆ ನೆನಪಾದವನು ಯಾವ ಚಕ್ರವರ್ತಿಯೂ ಅಲ್ಲ, ಒಬ್ಬ ವಿದ್ಯಾರ್ಥಿ. ಅವನ ಹೆಸರು ಅಲಿಪಿಯಸ್. ಅವನ ಕಥೆಯನ್ನು ಬರೆದಿಟ್ಟವನು ಅವನ ಗುರುವೂ ಗೆಳೆಯನೂ ಆಗಿದ್ದ ಸಂತ ಅಗಸ್ಟೀನ್. ನಾಲ್ಕನೆಯ ಶತಮಾನದಲ್ಲಿ ಕಾನೂನು ಕಲಿಯಲು ರೋಮಿಗೆ ಬಂದಿದ್ದ ಈ ತರುಣನಿಗೆ ಇಂತಹ ಆಟಗಳೆಂದರೆ ಹೇಸಿಗೆ. ಸ್ನೇಹಿತರು ಒಮ್ಮೆ ಬಲವಂತವಾಗಿ ಎಳೆದೊಯ್ದರು. ದೇಹ ಅಲ್ಲಿದ್ದರೂ ಮನಸ್ಸು ಅಲ್ಲಿರದು ಎಂದು ಅವನು ಕಣ್ಣು ಮುಚ್ಚಿ ಕುಳಿತ. ಕಿವಿಯನ್ನು ಮುಚ್ಚಿಕೊಳ್ಳಲಿಲ್ಲ. ಕಣದಲ್ಲಿ ಒಬ್ಬ ಬಿದ್ದಾಗ ಜನಸ್ತೋಮ ಒಮ್ಮೆಲೇ ಆರ್ಭಟಿಸಿತು. ಕುತೂಹಲ ತಡೆಯಲಾರದೆ ಅವನು ಕಣ್ಣು ತೆರೆದ, ರಕ್ತ ಕಂಡ, ಮತ್ತೆ ಮುಚ್ಚಲಿಲ್ಲ. ಎಲ್ಲರೊಡನೆ ತಾನೂ ಕೂಗಿದ. ಮುಂದೆ ಇತರರನ್ನೂ ಕರೆದುಕೊಂಡು ಬರತೊಡಗಿದ.

ಕ್ರೌರ್ಯವನ್ನು ನೀರೋನಂತಹವರ ಹೆಸರಿಗೆ ಬರೆದು ನೆಮ್ಮದಿಯಿಂದಿರುವುದು ಸುಲಭ. ಆದರೆ ಖಡ್ಗ ಹಿಡಿದವನು ಬಹುಮಟ್ಟಿಗೆ ಗುಲಾಮ ಇಲ್ಲವೇ ಸೆರೆಯಾಳು, ಅವನಿಗೆ ಆಯ್ಕೆಯಿರಲಿಲ್ಲ. ಆಯ್ಕೆಯಿದ್ದವನು ಮೆಟ್ಟಿಲ ಮೇಲೆ ಕುಳಿತವನು. ಮನೆಯಲ್ಲಿ ಒಳ್ಳೆಯ ತಂದೆ, ಬೀದಿಯಲ್ಲಿ ಒಳ್ಳೆಯ ನೆರೆಯವನು ಆಗಿದ್ದವನೇ ಗುಂಪಿನೊಳಗೆ ಸೇರಿದಾಗ ಇನ್ನೊಬ್ಬನ ಸಾವಿಗೆ ಚಪ್ಪಾಳೆ ತಟ್ಟಿದ. ಅಲಿಪಿಯಸ್ ಕಾಲಾಂತರದಲ್ಲಿ ಆ ಚಟದಿಂದ ಬಿಡಿಸಿಕೊಂಡು ತನ್ನೂರಿನ ಬಿಷಪ್ ಆದ ಎಂಬುದು ಸಮಾಧಾನದ ಮಾತು.

ಇನ್ನೊಂದು ಸಮಾಧಾನವೂ ಉಂಟು. ಯಾವುದಾದರೊಂದು ದೇಶ ಮರಣದಂಡನೆಯನ್ನು ರದ್ದುಪಡಿಸಿದಾಗ ಕೊಲೋಸಿಯಂಗೆ ವಿಶೇಷ ದೀಪಾಲಂಕಾರ ಮಾಡುವ ಪದ್ಧತಿ 1999ರಲ್ಲಿ ಆರಂಭವಾಯಿತು. ಸಾವನ್ನು ನೋಡಲು ಜನ ಸೇರುತ್ತಿದ್ದ ಕಲ್ಲುಗಳೇ ಈಗ ಒಂದು ಜೀವ ಉಳಿದ ಸುದ್ದಿಯನ್ನು ಊರಿಗೆ ಹೇಳುತ್ತವೆ.