ಉಲ್ಟಾ ಚೂಡಿ

ಹಳೆಯ ಸೈಕಲ್ಲಿಗೆ ಬರುವ ಕಾಯಿಲೆಗಳಲ್ಲಿ ಪಂಚರ್ ಎನ್ನುವುದು ನೆಗಡಿ ಇದ್ದ ಹಾಗೆ. ಬರುತ್ತದೆ, ಹೋಗುತ್ತದೆ. ಬ್ರೇಕು ಹಿಡಿಯದಿರುವುದು, ಚೈನು ಕಳಚುವುದು ಮೈಕೈ ನೋವಿನ ಲೆಕ್ಕ. ಆದರೆ ಎರಡು ಪೆಡಲುಗಳ ತೋಳನ್ನು ಹಿಡಿದುಕೊಂಡ ಅಚ್ಚು, ಆ ಅಚ್ಚು ಕೂರುವ ಬಟ್ಟಲು, ಬಟ್ಟಲೊಳಗಿನ ಉಕ್ಕಿನ ಗುಂಡುಗಳು ಸವೆದವು ಎಂದರೆ ಸೈಕಲ್ಲಿನ ಸೊಂಟವೇ ಹೋಯಿತೆಂದು ಅರ್ಥ. ತುಳಿಯುವವನ ಬಲವೆಲ್ಲ ಹಾದುಹೋಗುವ ಜಾಗ ಅದು. ಚೌಕಟ್ಟಿನ ಅತ್ಯಂತ ತಗ್ಗಿನ ಜಾಗವೂ ಅದೇ. ಸೀಟಿನ ಕೊಳವೆಯಿಂದ ಇಳಿದ ಮಳೆನೀರು, ರಸ್ತೆಯ ಧೂಳು, ಕೆಸರು ಎಲ್ಲವೂ ಕೊನೆಗೆ ಅಲ್ಲಿಗೇ ಹೋಗಿ ಸೇರುತ್ತವೆ.

ನನ್ನ ಬಳಿಯಿರುವುದು ಅಬ್ಬಾ 1982ರಲ್ಲಿ ಕೊಂಡ ಕಪ್ಪು ಅಟ್ಲಾಸ್. ದಾವಣಗೆರೆ ಆಗ ಹತ್ತಿ ಗಿರಣಿಗಳ ಊರು. ಪಾಳಿ ಬಿಟ್ಟ ಹೊತ್ತಿಗೆ ರಸ್ತೆಯ ತುಂಬ ಸೈಕಲ್ಲುಗಳೇ. ಕ್ಯಾರಿಯರಿಗೆ ಸಿಕ್ಕಿಸಿದ ಬುತ್ತಿ ಡಬ್ಬಿಗಳ ಸದ್ದಿನಿಂದಲೇ ನಮ್ಮ ಓಣಿಯ ಹೆಂಗಸರು ಅಕ್ಕಿ ತೊಳೆಯಲು ಏಳುತ್ತಿದ್ದರು. ಗಿರಣಿಗಳು ಒಂದೊಂದಾಗಿ ಮುಚ್ಚಿದ ಮೇಲೆ ಅಬ್ಬಾ ಅದೇ ಕ್ಯಾರಿಯರಿಗೆ ಬಟ್ಟೆಯ ಗಂಟು ಕಟ್ಟಿಕೊಂಡು ಹಳ್ಳಿಯ ಸಂತೆಗಳನ್ನು ಸುತ್ತಿದರು. ನಾನು ಉರ್ದು ಶಾಲೆಗೆ ಹೋದದ್ದು ಅದರ ಮುಂದಿನ ಬಾರಿನ ಮೇಲೆ ಕೂತು. ಕನ್ನಡ ಹೈಸ್ಕೂಲಿಗೆ ಹೋದದ್ದು ಅದನ್ನು ನಾನೇ ತುಳಿದುಕೊಂಡು. ಅಬ್ಬಾ ತೀರಿಕೊಂಡ ಮೇಲೆ ಅದು ಮೆಟ್ಟಿಲ ಕೆಳಗೆ ನಿಂತಿತು. ಮೊನ್ನೆ ಡಾಕ್ಟರು ನನ್ನ ರಕ್ತದ ಸಕ್ಕರೆ ನೋಡಿ, ದಿನಾ ಅರ್ಧ ಗಂಟೆ ಸೈಕಲ್ ಹೊಡೆಯಿರಿ ಎಂದರು. ಮನೆಯಾಕೆ, "ಹೊಸದು ತಗೊಳ್ಳಿ, ಅದನ್ನ ಗುಜರಿಗೆ ಹಾಕಿ" ಎಂದಳು. ನನಗೆ ಮನಸ್ಸಾಗಲಿಲ್ಲ.

ಹೊರತೆಗೆದು ತುಳಿದರೆ ಪ್ರತಿ ಸುತ್ತಿಗೂ ಒಂದು ಸಲ 'ಕಟ್' ಎನ್ನುತ್ತಿತ್ತು. ಇಂಥ ಸದ್ದಿನ ಮೂಲ ಹುಡುಕಲು ಸುಲಭದ ಪರೀಕ್ಷೆಯೊಂದಿದೆ. ಸೈಕಲ್ಲನ್ನು ಸ್ಟ್ಯಾಂಡ್ ಹಾಕಿ ನಿಲ್ಲಿಸಿ, ಒಂದು ಕ್ರ್ಯಾಂಕನ್ನು ಹಿಡಿದು ನಿಮ್ಮ ಕಡೆಗೆ ಎಳೆದು ಆ ಕಡೆಗೆ ತಳ್ಳಿ. ಆ ಬದಿಯ ಕ್ರ್ಯಾಂಕೂ ಜೊತೆಗೇ ಅಲುಗಿದರೆ ರೋಗ ಒಳಗೆ, ಬಟ್ಟಲು ಮತ್ತು ಗುಂಡುಗಳಲ್ಲಿದೆ. ಹಿಡಿದ ಕ್ರ್ಯಾಂಕು ಮಾತ್ರ ಅಲುಗಿ ಇನ್ನೊಂದು ಸುಮ್ಮನಿದ್ದರೆ ತಪ್ಪು ಕಾಟರ್ ಪಿನ್ನಿನದು. ಕ್ರ್ಯಾಂಕನ್ನು ಅಚ್ಚಿಗೆ ಕಚ್ಚಿಸುವ, ಕಿರುಬೆರಳಿಗಿಂತ ಸಣ್ಣದಾದ ಬೆಣೆ ಅದು. ನಮ್ಮ ಅಟ್ಲಾಸ್‌ಗೆ ಎರಡೂ ರೋಗ ಇದ್ದವು.

ಒಂದು ಕಾಲಕ್ಕೆ ನಮ್ಮ ಮಸೀದಿ ರಸ್ತೆಯಲ್ಲಿ ನಾಲ್ಕು ಸೈಕಲ್ ಶಾಪುಗಳಿದ್ದವು. ಗಂಟೆ ಲೆಕ್ಕದಲ್ಲಿ ಬಾಡಿಗೆ ಸೈಕಲ್ಲೂ ಕೊಡುತ್ತಿದ್ದರು. ಈಗ ಉಳಿದಿರುವುದು ಒಂದು. ಅದರ ಚಾಚಾಗೆ ಎಪ್ಪತ್ತು ದಾಟಿದೆ. ಅವರು ಸೈಕಲ್ಲನ್ನು ನೋಡಲೂ ಇಲ್ಲ. ಪೆಡಲನ್ನೊಮ್ಮೆ ತಿರುಗಿಸಿ ಕಿವಿಗೊಟ್ಟು ಕೇಳಿ, "ಬೀಬಿ ಹೋಗಿದೆ ಬೇಟಾ" ಎಂದರು. ಬಾಟಮ್ ಬ್ರಾಕೆಟ್ ಎಂಬ ಇಂಗ್ಲಿಷ್ ಹೆಸರು ಸೈಕಲ್ ಶಾಪುಗಳಲ್ಲಿ ಮೊಟಕಾಗಿ ಬಿ.ಬಿ. ಆಗಿದೆ. ನಾನು ಮನೆಗೆ ಫೋನು ಮಾಡಿ, "ಬೀಬಿ ಬದಲಾಯಿಸಬೇಕಂತೆ" ಎಂದೆ. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, "ಸೈಕಲ್ಲಿನದು ತಾನೆ?" ಎಂದಳು.

ಬಿಚ್ಚುವ ಕೆಲಸದಲ್ಲಿ ಮೊದಲ ಕಷ್ಟ ಕಾಟರ್ ಪಿನ್ನು. ವರ್ಷಗಟ್ಟಲೆ ತುಕ್ಕು ಹಿಡಿದು ಅಚ್ಚಿನೊಂದಿಗೆ ಒಂದೇ ಆಗಿರುತ್ತದೆ. ಚಾಚಾ ಅದಕ್ಕೆ ಸೀಮೆಎಣ್ಣೆ ಬಿಟ್ಟು ಚಹಾ ಕುಡಿಯಲು ಕೂತರು. ಚಹಾ ಮುಗಿದ ಮೇಲೆ ಕ್ರ್ಯಾಂಕಿನ ಕೆಳಗೆ ನೆಲಕ್ಕೆ ಊರಿದಂತೆ ಒಂದು ಕಬ್ಬಿಣದ ಪೈಪನ್ನು ನಿಲ್ಲಿಸಿದರು. ಪಿನ್ನಿನ ನಟ್ಟನ್ನು ಪೂರ್ತಿ ತೆಗೆಯದೆ ತುದಿಯ ಸಮಕ್ಕೆ ತಂದರು. ಆಮೇಲೆ ಒಂದೇ ಏಟು. ಪಿನ್ನು ಸಡಿಲವಾಯಿತು.

"ಪೈಪು ಯಾಕೆ ಚಾಚಾ?" ಎಂದೆ.

"ಅದಿಲ್ದೆ ಹೊಡೆದ್ರೆ ಏಟು ಪಿನ್ನಿಗೆ ಬೀಳಲ್ಲ. ಅಚ್ಚಿನಿಂದ ಛರ್ರೆಗೆ, ಛರ್ರೆಯಿಂದ ಬಟ್ಲಿಗೆ ಹೋಗುತ್ತೆ. ಬಟ್ಲಲ್ಲಿ ಗುಣಿ ಬೀಳುತ್ತೆ. ಹತ್ತು ಏಟು ಮೆಲ್ಲಗೆ ಹೊಡಿಯೋನಿಗಿಂತ ಒಂದು ಏಟು ಸರಿಯಾಗಿ ಹೊಡಿಯೋನು ಒಳ್ಳೆ ಮಿಸ್ತ್ರಿ."

ನಟ್ಟನ್ನು ತುದಿಯಲ್ಲಿ ಬಿಟ್ಟದ್ದಕ್ಕೂ ಕಾರಣವಿತ್ತು. ಬರಿಯ ಪಿನ್ನಿನ ಮೇಲೆ ಹೊಡೆದರೆ ಅದರ ತಲೆ ಅಣಬೆಯಂತೆ ಅರಳಿ ಮತ್ತೆಂದೂ ರಂಧ್ರದಿಂದ ಹೊರಬರುವುದಿಲ್ಲ.

ಇಷ್ಟರಲ್ಲಿ ಅವರ ಮೊಮ್ಮಗ ಊಟದ ಡಬ್ಬಿ ತಂದ. ಪಾಲಿಟೆಕ್ನಿಕ್ಕಿನಲ್ಲಿ ಮೆಕ್ಯಾನಿಕಲ್ ಓದುವ ಹುಡುಗ. ಡಬ್ಬಿ ಇಟ್ಟವನು ತಲೆಯ ಹೆಲ್ಮೆಟ್ ತೆಗೆಯದೆ ರಸ್ತೆಗೆ ಬೆನ್ನು ಮಾಡಿ ನಿಂತ. ಬಿಸಿಲಿಗೆ ಬೆವರುತ್ತಿದ್ದರೂ ತೆಗೆಯಲಿಲ್ಲ. ನಾನು ಕಾರಣ ಕೇಳುವ ಮೊದಲೇ ಚಾಚಾ ನಗುತ್ತ ಹೇಳಿದರು: "ಕಾಲೇಜಲ್ಲಿ ಹುಡುಗ್ರು ಇವನಿಗೆ ಪಂಚರ್ ಅಂತ ಹೆಸರಿಟ್ಟಿದಾರೆ. ಅಂಗಡೀಲಿ ಯಾರಾದ್ರೂ ನೋಡಿದ್ರೆ ಅಂತ ಹೆದರ್ತಾನೆ." ಹುಡುಗ ನಗಲಿಲ್ಲ.

ಆ ಹೆಸರು ಆ ಹುಡುಗರ ಸ್ವಂತದ್ದಲ್ಲ. ನಮ್ಮ ಸಾರ್ವಜನಿಕ ಮಾತಿನಲ್ಲಿ ಓಡಾಡುತ್ತಿರುವ ನಾಣ್ಯ ಅದು. 2019ರ ಡಿಸೆಂಬರ್‌ನಲ್ಲಿ ಬೆಂಗಳೂರಿನ ಸಭೆಯೊಂದರಲ್ಲಿ ಸಂಸದರೊಬ್ಬರು ಪೌರತ್ವ ಕಾಯ್ದೆಯನ್ನು ವಿರೋಧಿಸುವವರನ್ನು ಅನಕ್ಷರಸ್ಥರು, ಪಂಚರ್ ಹಾಕುವವರು ಎಂದು ಹಂಗಿಸಿದರು. 2025ರ ಏಪ್ರಿಲ್‌ನಲ್ಲಿ ಹರಿಯಾಣದ ಹಿಸಾರ್‌ನಲ್ಲಿ ಪ್ರಧಾನಿಯವರು, ವಕ್ಫ್ ಆಸ್ತಿ ಪ್ರಾಮಾಣಿಕವಾಗಿ ಬಳಕೆಯಾಗಿದ್ದರೆ ಮುಸ್ಲಿಂ ಯುವಕರು ಸೈಕಲ್ ಪಂಚರ್ ಹಾಕಿಕೊಂಡು ಬದುಕಬೇಕಾಗಿರಲಿಲ್ಲ ಎಂದರು. ಮೊದಲನೆಯದು ತಿರಸ್ಕಾರ, ಎರಡನೆಯದು ಕನಿಕರ. ಆದರೆ ಎರಡರ ಕೆಳಗೂ ಇರುವ ನಂಬಿಕೆ ಒಂದೇ: ಇದು ಬುದ್ಧಿ ಬೇಡದ ಕೆಲಸ, ಬೇರೇನೂ ಆಗದವನು ಮಾಡುವ ಕೆಲಸ. ಬಡತನದ ಮಾತು ಸುಳ್ಳಲ್ಲ. ನಮ್ಮವರು ಸಂಬಳದ ನೌಕರಿಗಿಂತ ಸ್ವಂತ ದುಡಿಮೆಯನ್ನೇ ಹೆಚ್ಚು ನೆಚ್ಚಿದ್ದಾರೆಂದು 2006ರ ಸಾಚಾರ್ ವರದಿಯೂ ಹೇಳಿದೆ. ಆ ಬಡತನದ ಬಗ್ಗೆ ಜಗಳವಾಡೋಣ. ಕೈಗೆ ಮಸಿ ಹತ್ತಿದವನ ತಲೆ ಖಾಲಿ ಎನ್ನುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ಒಪ್ಪದಿರಲು ನನ್ನ ಕಾರಣ ಆ ದಿನ ಕಣ್ಣೆದುರೇ ಇತ್ತು.

ಎರಡೂ ಕ್ರ್ಯಾಂಕು ಬಿಚ್ಚಿದ ಮೇಲೆ ಚಾಚಾ ಎಡಗಡೆಯ ಲಾಕ್ ರಿಂಗ್ ಸಡಿಲಿಸಿ, ಆ ಬಟ್ಟಲನ್ನು ಎಲ್ಲ ನಟ್ಟು ಬೋಲ್ಟುಗಳಂತೆ ಎಡಕ್ಕೆ ತಿರುಗಿಸಿ ಬಿಚ್ಚಿದರು. ಅಚ್ಚು ಹೊರಬಂತು. ಬಲಗಡೆಯ ಬಟ್ಟಲಿಗೆ ಬಂದಾಗ ಪಾನಾವನ್ನು ತದ್ವಿರುದ್ಧವಾಗಿ, ಬಲಕ್ಕೆ ತಿರುಗಿಸಿದರು. ಸಾಮಾನ್ಯ ಲೆಕ್ಕದಲ್ಲಿ ಅದು ಬಿಗಿ ಮಾಡುವ ದಿಕ್ಕು.

"ಇದು ಉಲ್ಟಾ ಚೂಡಿ" ಎಂದರು. ಉರ್ದುವಿನಲ್ಲಿ ಚೂಡಿ ಎಂದರೆ ಬಳೆ. ತಿರುಪಿನ ಎಳೆಗೂ ಅದೇ ಹೆಸರು. ಇದು ಗೊತ್ತಿಲ್ಲದವನು ಬಿಚ್ಚುತ್ತಿದ್ದೇನೆ ಅಂದುಕೊಂಡು ಬಿಗಿ ಮಾಡುತ್ತಲೇ ಹೋಗುತ್ತಾನೆ, ಕೊನೆಗೆ ಪಾನಾ ಜಾರಿ ಬೆರಳು ಜಜ್ಜಿಕೊಳ್ಳುತ್ತಾನೆ.

"ಬಲಗಡೆಗೆ ಮಾತ್ರ ಯಾಕೆ ಉಲ್ಟಾ?" ಎಂದು ಕೇಳಿದವನು ಹುಡುಗ.

ಚಾಚಾ ಅವನ ಜೇಬಿನಿಂದ ಪೆನ್ನು ತೆಗೆದುಕೊಂಡು, ಅವನ ಮುಷ್ಟಿಯಲ್ಲೇ ಸಡಿಲವಾಗಿ ಹಿಡಿಸಿದರು. ಪೆನ್ನಿನ ಹೊರತುದಿಯನ್ನು ತಮ್ಮ ಬೆರಳಿನಿಂದ ಗಡಿಯಾರದ ಮುಳ್ಳಿನಂತೆ ದುಂಡಗೆ ಸುತ್ತಿಸಿದರು. ಮುಷ್ಟಿಯೊಳಗೆ ಪೆನ್ನು ತನ್ನಷ್ಟಕ್ಕೆ ಎದುರು ದಿಕ್ಕಿಗೆ ಹೊರಳಿತು. ಓದುಗರು ಈಗಲೇ ಒಂದು ಪೆನ್ಸಿಲ್ ಹಿಡಿದು ನೋಡಬಹುದು. ಅಚ್ಚು ಭಾರ ಹೊತ್ತು ಒಂದು ದಿಕ್ಕಿಗೆ ಸುತ್ತಿದಾಗ ಬಟ್ಟಲು ಕೂದಲೆಳೆಯಷ್ಟೇ ಆದರೂ ಎದುರು ದಿಕ್ಕಿಗೆ ತೆವಳಲು ನೋಡುತ್ತದೆ. ಬಲಬದಿಗೆ ಮಾಮೂಲಿ ಚೂಡಿ ಹಾಕಿದ್ದರೆ ತುಳಿದಷ್ಟೂ ಬಟ್ಟಲು ಬಿಚ್ಚುತ್ತಿತ್ತು. ಉಲ್ಟಾ ಚೂಡಿಯಾದ್ದರಿಂದ ತುಳಿದಷ್ಟೂ ಬಿಗಿಯಾಗುತ್ತದೆ. ಎಡ ಪೆಡಲಿಗೆ ಉಲ್ಟಾ ಚೂಡಿ ಇರುವುದಕ್ಕೂ ಇದೇ ಕಾರಣ.

ಹುಡುಗ ಪೆನ್ನನ್ನು ಎರಡು ಮೂರು ಸಲ ತಾನೇ ತಿರುಗಿಸಿ ನೋಡಿದ. ಆಮೇಲೆ ಮೆಲ್ಲಗೆ, "ಇದಕ್ಕೆ ಪ್ರಿಸೆಶನ್ ಅಂತಾರೆ ದಾದಾ" ಎಂದ. "ಏನೋ ಒಂದು ಅಂತಾರೆ. ಹೆಸರು ನೀನಿಟ್ಕೋ" ಎಂದರು ಚಾಚಾ.

ನನಗೆ ನನ್ನ ಸ್ಲೇಟು ನೆನಪಾಯಿತು. ಉರ್ದು ಬಲದಿಂದ ಎಡಕ್ಕೆ ಬರೆಯುತ್ತಿದ್ದೆ, ಕನ್ನಡ ಎಡದಿಂದ ಬಲಕ್ಕೆ. ಒಂದು ಕಲಿತರೆ ಇನ್ನೊಂದು ಕೆಡುತ್ತದೆ ಎಂದು ಎರಡೂ ಕಡೆಯ ಹಿರಿಯರು ಹೇಳುತ್ತಿದ್ದರು. ಒಂದೇ ಅಚ್ಚನ್ನು ಎರಡು ಎದುರುಬದುರು ಚೂಡಿಗಳು ಬಿಗಿಯಾಗಿ ಹಿಡಿದಿರುವುದನ್ನು ಅವರಿಗೆ ತೋರಿಸಬೇಕಿತ್ತು.

ಹೊರಬಂದ ಅಚ್ಚನ್ನು ಸೀಮೆಎಣ್ಣೆಯಲ್ಲಿ ತೊಳೆದಾಗ ಗುಂಡು ಓಡಾಡುವ ದಾರಿಯಲ್ಲಿ ಸಿಡುಬಿನ ಕಲೆಯಂಥ ಗುಳಿಗಳು ಕಂಡವು. ಬಟ್ಟಲುಗಳೂ ಹಾಗೇ. ಗುಂಡುಗಳನ್ನಷ್ಟೇ ಬದಲಿಸಿದರೆ ಸಾಲದು, ಗುಳಿಬಿದ್ದ ದಾರಿಯಲ್ಲಿ ಹೊಸ ಗುಂಡೂ ಬೇಗ ಹಾಳಾಗುತ್ತದೆ. ಚೈನ್‌ವೀಲಿನ ಹಲ್ಲುಗಳು ಸವೆದು ಒಂದೇ ಕಡೆಗೆ ಬಾಗಿದ್ದವು. ಅದು ಬಲಗಡೆಯ ಕ್ರ್ಯಾಂಕಿಗೇ ಕೂಡಿಕೊಂಡಿರುವುದರಿಂದ ಎರಡೂ ಹೊಸದಾಗಬೇಕು. ಹೊಸ ಚೈನಿನ 24 ಕೊಂಡಿ ಸೇರಿದರೆ ಸರಿಯಾಗಿ 12 ಅಂಗುಲ. ಅದಕ್ಕಿಂತ ಅಂಗುಲದ ಎಂಟನೇ ಒಂದು ಭಾಗ ಹಿಗ್ಗಿದರೂ ಚೈನು ಮುಗಿದಂತೆ. ನಮ್ಮದು ಅದನ್ನೂ ದಾಟಿತ್ತು. ಹಳೆಯ ಚೈನು ಹೊಸ ಹಲ್ಲನ್ನು ತಿನ್ನುತ್ತದೆ ಎಂದು ಅದನ್ನೂ ತೆಗೆಸಿದೆ.

ಬಿಡಿಭಾಗ ಸಿಗುತ್ತದೆಯೇ ಎಂಬ ಚಿಂತೆ ನನಗಿತ್ತು. 1951ರಲ್ಲಿ ಸೋನಿಪತ್‌ನಲ್ಲಿ ಹುಟ್ಟಿದ ಅಟ್ಲಾಸ್ ಕಂಪನಿ, ಸಾಹಿಬಾಬಾದ್‌ನಲ್ಲಿ ಉಳಿದಿದ್ದ ತನ್ನ ಕೊನೆಯ ಕಾರ್ಖಾನೆಯ ಕೆಲಸವನ್ನು 2020ರ ಜೂನ್ 3ರಂದು ನಿಲ್ಲಿಸಿತು. ಅದು ವಿಶ್ವ ಸೈಕಲ್ ದಿನವಾಗಿತ್ತು. ಆದರೆ ಕಂಪನಿ ಹೋದರೂ ಅಳತೆ ಹೋಗಿಲ್ಲ. ಬ್ರಿಟಿಷರ ಕಾಲದ ಸೈಕಲ್ಲಿನ ಅಳತೆಯನ್ನೇ ನಮ್ಮ ಕಂಪನಿಗಳು ಬಹುಮಟ್ಟಿಗೆ ಉಳಿಸಿಕೊಂಡವು. ಹಾಗಾಗಿ ಲೂಧಿಯಾನಾದ ಯಾವುದೋ ಸಣ್ಣ ವರ್ಕ್‌ಶಾಪಿನಲ್ಲಿ ತಯಾರಾದ ಅಚ್ಚು ದಾವಣಗೆರೆಯ ಅಬ್ಬಾನ ಸೈಕಲ್ಲಿಗೆ ಕೂತಿತು. ಇವತ್ತಿನ ದುಬಾರಿ ಸೈಕಲ್ಲುಗಳಲ್ಲಿ ಈ ಇಡೀ ಭಾಗ ಮುಚ್ಚಿದ ಕೊಳವೆಯಾಗಿ ಬರುತ್ತದೆ. ಕೆಟ್ಟರೆ ಹಾಗೇ ಎಸೆದು ಹೊಸದು ಹಾಕುವುದು. ನೀರು ಧೂಳು ಬೇಗ ಒಳಹೋಗದು, ಅದು ಅದರ ಗುಣ. ಬಿಚ್ಚಿ ನೋಡಿ ಕಲಿಯಲಾಗದು, ಅದು ಅದರ ದೋಷ.

ಜೋಡಿಸುವ ಕೆಲಸ ಬಿಚ್ಚಿದ್ದಕ್ಕಿಂತ ನಿಧಾನ. ಬಟ್ಟಲಿಗೆ ಗ್ರೀಸು ಮೆತ್ತಿ ಒಂದೊಂದು ಬದಿಗೆ 11ರಂತೆ, ಕಾಲು ಅಂಗುಲದ 22 ಗುಂಡುಗಳನ್ನು ಕೂರಿಸಿದರು. ಅಚ್ಚು ತೂರಿಸಿ ಎಡಬಟ್ಟಲನ್ನು ಬಿಗಿ ಮಾಡುತ್ತ ಬಂದರು. ಹೆಚ್ಚು ಬಿಗಿಯಾದರೆ ಅಚ್ಚು ಕೊರಗುತ್ತದೆ, ಕಡಿಮೆಯಾದರೆ ಅಲುಗುತ್ತದೆ. ಎರಡರ ನಡುವಿನ ಆ ಜಾಗ ಬೆರಳಿಗೆ ಮಾತ್ರ ಗೊತ್ತು. ಆಮೇಲೆ ಹೊಸ ಕಾಟರ್ ಪಿನ್ನಿನ ಚಪ್ಪಟೆ ಮುಖವನ್ನು ಅರದಿಂದ ಉಜ್ಜಿ ಅಳತೆಗೆ ತಂದರು. ಎರಡು ಪಿನ್ನುಗಳೂ ಎದುರುಬದುರು ದಿಕ್ಕಿನಿಂದ ಹೋಗಬೇಕು, ಇಲ್ಲವಾದರೆ ಎರಡು ಪೆಡಲುಗಳು ಒಂದೇ ನೇರಕ್ಕೆ ಬರುವುದಿಲ್ಲ. ಪಿನ್ನನ್ನು ಬಡಿದು ಕೂರಿಸಿದ ಮೇಲೆಯೇ ನಟ್ಟು ಹಾಕಬೇಕು. ನಟ್ಟಿನಿಂದ ಎಳೆದು ಕೂರಿಸಲು ಹೋದರೆ ಅದರ ಚೂಡಿಯೇ ಹಾಳು.

ಮಜೂರಿಯೂ ಸೇರಿ ಸಾವಿರದೊಳಗೆ ಮುಗಿಯಿತು. ಹಣ ಎಣಿಸುತ್ತ ನಾನು ಕೇಳಿದೆ: "ಮೊಮ್ಮಗನಿಗೆ ಈ ಕೆಲಸ ಕಲಿಸ್ತೀರಾ ಚಾಚಾ?"

"ಬೇಡ. ಅವನು ಓದ್ಲಿ, ಫ್ಯಾಕ್ಟ್ರಿಗೆ ಹೋಗ್ಲಿ. ನಾನು ಈ ಮಣ್ಣಲ್ಲಿ ಕೂತಿದ್ದು ಅವನೂ ಕೂರ್ಲಿ ಅಂತಲ್ಲ." ಸ್ವಲ್ಪ ತಡೆದು, "ಆದ್ರೆ ನಾಚ್ಕೋಬಾರ್ದು" ಎಂದರು. ಹುಡುಗ ಆಗಲೇ ಹೊರಟುಹೋಗಿದ್ದ.

"ನಾಳೆ ಒಂದ್ಸಲ ಬಾ" ಎಂದು ಹೇಳಿ ಕಳಿಸಿದರು. ಹೊಸ ಕಾಟರ್ ಪಿನ್ನು ನಾಲ್ಕಾರು ಕಿಲೋಮೀಟರ್ ಭಾರ ಹೊತ್ತ ಮೇಲೆಯೇ ತನ್ನ ಜಾಗದಲ್ಲಿ ಸರಿಯಾಗಿ ಕೂರುತ್ತದೆ. ಆಗ ಇನ್ನೊಂದು ಸಲ ಬಡಿದು ಬಿಗಿ ಮಾಡದಿದ್ದರೆ ಮತ್ತೆ ಸಡಿಲಾಗುತ್ತದೆ.

ಮಾರನೆಯ ದಿನ ಹೋದಾಗ ಚಾಚಾ ಜೊಹರ್ ನಮಾಜಿಗೆ ಹೋಗಿದ್ದರು. ಅಂಗಡಿ ಕಾಯಲು ಹುಡುಗ ಕೂತಿದ್ದ. ಪಿನ್ನು ಬಿಗಿ ಮಾಡಬೇಕಂತೆ ಎಂದೆ. ಅವನು ರಸ್ತೆಯ ಎರಡೂ ಬದಿ ಒಮ್ಮೆ ನೋಡಿದ. ಆಮೇಲೆ ಹೆಲ್ಮೆಟ್ ತೆಗೆದು ಪಕ್ಕಕ್ಕಿಟ್ಟು, ಕ್ರ್ಯಾಂಕಿನ ಕೆಳಗೆ ಪೈಪು ನಿಲ್ಲಿಸಿ, ಸುತ್ತಿಗೆ ಎತ್ತಿಕೊಂಡ.